ಕೆಂಪಿಯ ಬಣ್ಣದ ಮಿಡತೆ

ಜೂನ್ ೨೮

ತಮ್ಮಾ,

ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಈ ಸಲ ಆ ಮಾತಿನ ಹತ್ತಿರವೇ ಕೈ ನಿಂತುಬಿಟ್ಟಿತು. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೊನ್ನೆ ಮಿಡತೆ ಬಂದವು.

ಮಿಡತೆ ಅಂದರೆ, ನೀನು ಚಿಕ್ಕವನಿದ್ದಾಗ ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಕಿವಿಗೆ ಹಿಡಿದುಕೊಂಡು ಕೇಳುತ್ತಿದ್ದೆಯಲ್ಲ, ಆ ಹಸಿರು ಬಡಪಾಯಿ ಅಲ್ಲ. ನಿನ್ನ ಭಾವ ಊಟ ಮುಗಿಸಿ ಜಗಲಿಯಲ್ಲಿ ಕಾಲು ಚಾಚಿದ್ದರು. "ಮೋಡ ಕಟ್ಟಿದೆ, ಬಟ್ಟೆ ಎತ್ತಿಡು" ಅಂದರು. ಎತ್ತೋಕೆ ಹೋದೆ. ನೋಡಿದರೆ ಮೋಡ ಮರದ ತಲೆಗಿಂತ ಸ್ವಲ್ಪ ಮೇಲಿದೆ, ಬಿಸಿಲಿಗೆ ಮಿಣಮಿಣ ಅನ್ನುತ್ತಿದೆ, ಒಣಗಿದ ಎಲೆಯ ಮೇಲೆ ಯಾರೋ ಓಡಿ ಬಂದ ಹಾಗೆ ಸದ್ದು ಬೇರೆ. ಬಟ್ಟೆಯ ಹಗ್ಗದ ಮೇಲೆ ಕೂತವು, ಬಾವಿಯ ರಾಟೆಯ ಮೇಲೆ ಕೂತವು, ನಿನ್ನ ಭಾವನ ಬೋಳುತಲೆಯನ್ನೂ ಒಂದು ಬಿಡಲಿಲ್ಲ. ನನಗೆ ನಗು ಬಂತು. ಆಮೇಲೆ ಜೋಳದ ಹೊಲದ ಕಡೆ ತಿರುಗಿದೆ, ನಗು ಅಲ್ಲೇ ಇಂಗಿತು.

ಊರೆಲ್ಲ ತಟ್ಟೆ ಬಡಿದೆವು, ಡಬ್ಬ ಬಡಿದೆವು, ಹಸಿ ಸೊಪ್ಪಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಿದೆವು. ಮೇಲ್ಮನೆ ದೊಡ್ಡಪ್ಪ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ನಮ್ಮ ಜಗಲಿಯಲ್ಲೇ ಮಲಗಿದರು. ಮಿಡತೆಗಳು ಕೆಮ್ಮಲಿಲ್ಲ. ಮರುದಿನ ಬಿಸಿಲೇರಿ ಮೈ ಕಾದ ಮೇಲೆ ಎದ್ದು ಹೋದವು. ಮೊಣಕಾಲೆತ್ತರ ಬಂದಿದ್ದ ಪೈರು ಈಗ ಬರೀ ಮೊಂಡು ಕಡ್ಡಿ.

ಈಗ ಕೇಳಬೇಕಾದದ್ದು ಕೇಳುತ್ತೇನೆ. ನೆಲದಲ್ಲಿ ಒಳ್ಳೆಯ ತೇವ ಇದೆ. ಮೇಲೆ ಮೇಲೆ ಕುಂಟೆ ಎಳೆದು ಈಗಲೇ ಬಿತ್ತಿದರೆ ಇನ್ನೊಂದು ಬೆಳೆ ಎತ್ತಬಹುದು. ಆದರೆ ದೊಡ್ಡಪ್ಪ ಹೇಳುತ್ತಾರೆ, ಅವು ಮೊಟ್ಟೆಯಿಟ್ಟು ಹೋಗಿದ್ದರೆ ಆಳವಾಗಿ ಉಳಲೇಬೇಕಂತೆ, ಇಲ್ಲದಿದ್ದರೆ ನೆಲದಿಂದಲೇ ಮರಿ ಏಳುತ್ತವಂತೆ. ಆಳವಾಗಿ ಉತ್ತರೆ ಇರುವ ತೇವವೂ ಹಾರಿಹೋಗುತ್ತದೆ. ಎರಡನ್ನೂ ಮಾಡೋಣ ಅನ್ನೋಕೆ ಮನೆಯಲ್ಲಿರುವುದು ಒಂದೇ ಬಿತ್ತನೆಯ ಬೀಜ. ನಿಮ್ಮ ಸಾಹೇಬರನ್ನು ಕೇಳಿ ಬರೆ. ಇವು ಮೊಟ್ಟೆಯಿಟ್ಟು ಹೋದ ಜಾತಿಯೋ, ತಿಂದು ಹೋದ ದಾರಿಹೋಕರೋ?

ನೀನು ಮಿಡತೆ ಕಚೇರಿಯಲ್ಲಿ ಮಿಡತೆಗೆ ಬಣ್ಣ ಹಚ್ಚುವವನು, ಮೊದಲು ಬಣ್ಣವನ್ನೇ ಕೇಳುತ್ತೀಯ ಅಂತ ಗೊತ್ತು. ಬರೆದುಕೋ: ಥೇಟ್ ನಮ್ಮ ಕೆಂಪಿಯ ಮೈಬಣ್ಣ. ಕಾಲುವೆ ಪಕ್ಕದ ಮರಳು ನೆಲದಲ್ಲಂತೂ ಬಾಲ ಊರಿಕೊಂಡು ಸಾಲಾಗಿ ಕೂತಿದ್ದವು, ಇನ್ನೊಂದು ಪಂಕ್ತಿ ಬಡಿಸುತ್ತಾರೆ ಅಂತ ಏಳದೆ ಕಾಯುವ ನೆಂಟರ ಹಾಗೆ.

ಬೇಗ ಬರೆ. ಊರಿನವರು ನನ್ನ ಮುಖ ನೋಡುತ್ತಿದ್ದಾರೆ. ಮಿಡತೆ ಕಚೇರಿಯವನ ಅಕ್ಕ ಅಂತ ಇಷ್ಟು ವರ್ಷ ತಮಾಷೆ ಮಾಡುತ್ತಿದ್ದವರು ಈಗ ಅದನ್ನೇ ಗಂಭೀರವಾಗಿ ಹೇಳುತ್ತಿದ್ದಾರೆ.

ನಿನ್ನ ಅಕ್ಕ


ಜುಲೈ ೨

ಅಕ್ಕಾ,

ನಿನ್ನ ಪತ್ರ ಇವತ್ತು ಬೆಳಗ್ಗೆ ಬಂತು. ಮಧ್ಯಾಹ್ನದ ಟಪಾಲಿಗೇ ಇದನ್ನು ಹಾಕುತ್ತೇನೆ.

ಹೆದರಬೇಡ, ಬಿತ್ತು. ಈ ಮಿಡತೆಗೆ ವಯಸ್ಸಿನ ಪ್ರಕಾರ ಬಣ್ಣ. ರೆಕ್ಕೆ ಬಂದ ಹೊಸದರಲ್ಲಿ ಗುಲಾಬಿ ಬೆರೆತ ಕೆಂಪು. ಆಗ ಅದಕ್ಕೆ ಹೊಟ್ಟೆಯದೊಂದೇ ಚಿಂತೆ. ತಿನ್ನುತ್ತದೆ, ಹಾರುತ್ತದೆ, ಮೊಟ್ಟೆಯ ಮಾತಿಲ್ಲ. ಬಲಿತ ಮೇಲೆ ಹಳದಿಗೆ ತಿರುಗುತ್ತದೆ. ಮೊಟ್ಟೆಯಿಡುವುದು ಆ ಹಳದಿ. ಹಳ್ಳಿಗಳಿಗೆ ಹಂಚುವ ಚಿತ್ರದ ಚೀಟಿಯಲ್ಲಿ ನಾನು ಈ ಎರಡನ್ನೂ ಅಕ್ಕಪಕ್ಕ ಎಷ್ಟು ಸಲ ಬರೆದಿದ್ದೇನೆ ಅಂದರೆ, ಕಣ್ಣು ಮುಚ್ಚಿದರೂ ಕುಂಚಕ್ಕೆ ದಾರಿ ಗೊತ್ತು. ನಿನಗೂ ಒಂದು ಚೀಟಿ ಕಳಿಸುತ್ತಿದ್ದೆ. ಹಳೆಯವು ಮುಗಿದಿವೆ, ಹೊಸವು ಅಚ್ಚಿಗೆ ಹೋಗಿವೆ.

ಚೀಟಿ ಯಾಕೆ, ಕೆಂಪಿಯ ಬಣ್ಣ ಅಂದೆಯಲ್ಲ, ಅಷ್ಟು ಸಾಕು. ಅವಳ ಹಾಲು ಕುಡಿದು, ಅವಳ ಹಗ್ಗ ಹಿಡಿದು ಬೆಳೆದವನಿಗೆ ಆ ಬಣ್ಣ ಮರೆಯುತ್ತದೆಯೇ? ಹೊಸ ಇಟ್ಟಿಗೆಯ ಮೇಲೆ ಒಂದು ಹನಿ ಹಾಲು ಚೆಲ್ಲಿ ಒರೆಸಿದ ಹಾಗೆ. ಚೀಟಿಯಲ್ಲಿನ ಗುಲಾಬಿಯನ್ನು ಕಲೆಸುವಾಗಲೂ ನನಗೆ ನೆನಪಾಗುವುದು ಅವಳ ಬೆನ್ನೇ. ಸಾಹೇಬರಿಗೆ ಹೇಳಿಲ್ಲ ಅಷ್ಟೆ.

ಪಾಪ, ಅವಳಿಗೆ ಈಗ ಹುಲ್ಲು ಅಗಿಯುವುದು ಕಷ್ಟವಾಗಿರಬೇಕು. ತೌಡು ನೆನೆಸಿ ಕೊಡುತ್ತಿದ್ದೀಯ ತಾನೆ?

ಭಾವನ ತಲೆಯ ಮೇಲೆ ಕೂತ ಮಿಡತೆಯ ಚಿತ್ರ ಬರೆದಿದ್ದೇನೆ, ಒಳಗೆ ಇದೆ. ಅವರಿಗೆ ತೋರಿಸಬೇಡ.

ನಿನ್ನ ತಮ್ಮ


ಜುಲೈ ೧೨

ತಮ್ಮಾ,

ನಿನ್ನ ಪತ್ರ ಬಂದ ಗಳಿಗೆಯಲ್ಲೇ ಎತ್ತು ಕಟ್ಟಿಸಿದೆ. ಕುಂಟೆ ಎಳೆದು ಬಿತ್ತಿ ಆಯಿತು. ನಾನು ಬಿತ್ತಿದ್ದನ್ನು ನೋಡಿ ಕಾಲುವೆಯ ಆಚೆಯವರು ಬಿತ್ತಿದರು, ಈಚೆಯವರು ಬಿತ್ತಿದರು. ದೊಡ್ಡಪ್ಪ ಮಾತ್ರ ಬದುವಿನ ಮೇಲೆ ಕೂತು, "ನಿನ್ನ ತಮ್ಮ ಹೇಳಿದನೋ, ಅವರ ಸಾಹೇಬರು ಹೇಳಿದರೋ?" ಅಂತ ಕೇಳಿದರು. "ಕಚೇರಿಯಿಂದ ಬಂದಿದೆ ಅಂದರೆ ಸಾಹೇಬರೇ ಅಲ್ಲವಾ ದೊಡ್ಡಪ್ಪ" ಅಂದೆ. "ಹಾಗಾದರೆ ಸರಿ. ತಪ್ಪಾದರೆ ಬೈಯೋಕೆ ದೊಡ್ಡವರು ಒಬ್ಬರು ಸಿಕ್ಕಿದ ಹಾಗಾಯಿತು" ಅಂದು ಅವರೂ ಕೂರಿಗೆ ಹೂಡಿದರು.

ಆದರೂ ಒಂದು ಕಡೆ ಕೂರೋಕೆ ಆಗುತ್ತಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟು ಹೊಲಕ್ಕೆ ಹೋಗಿ ಬರುತ್ತೇನೆ. ಹಕ್ಕಿಯ ನೆರಳು ಅಂಗಳದಲ್ಲಿ ಹಾದರೆ ತಲೆ ಎತ್ತುತ್ತೇನೆ. ನೀನು ಹೇಳಿದ ಮೇಲೂ ಹೀಗೆ ಯಾಕೋ ತಿಳಿಯದು.

ಕೆಂಪಿಗೆ ತೌಡು ಕೊಡುತ್ತಿದ್ದೇನೆ. ಚೆನ್ನಾಗಿದ್ದಾಳೆ.

ಚಿತ್ರ ನಿನ್ನ ಭಾವ ನೋಡಿಯೇಬಿಟ್ಟರು. ಗೋಡೆಗೆ ಅಂಟಿಸಿಕೊಂಡಿದ್ದಾರೆ.

ನಿನ್ನ ಅಕ್ಕ

ಪತ್ರವನ್ನು ಅಂಚೆಗೆ ಹಾಕಲು ನಾನೇ ಹೊರಟಿದ್ದೇನೆ. ಕೆಳಗೆ ಜಾಗ ಉಳಿದಿತ್ತು, ವ್ಯರ್ಥ ಮಾಡುವುದೇಕೆ. ಮೊಳಕೆ ಕಾಣಿಸಿದೆ. ಕೆಂಪಿ ಮೊನ್ನೆ ಕರು ಹಾಕಿದಳು, ಚೊಚ್ಚಲು, ತಾಯಿ ಮಗು ಆರಾಮ. ತಲೆಯ ಚಿತ್ರದಲ್ಲಿ ಕೂದಲು ಇನ್ನೂ ಸ್ವಲ್ಪ ಬರೆಯಬಹುದಿತ್ತು. — ಭಾವ


ಜುಲೈ ೧೫ (ತಂತಿ)

ಕೆಂಪಿ ಬಣ್ಣ ಯಾವುದು. ತಕ್ಷಣ ತಂತಿ ಕೊಡು. ತಮ್ಮ.


ಜುಲೈ ೧೫

ಅಕ್ಕಾ,

ಈಗಷ್ಟೇ ತಂತಿ ಕೊಟ್ಟು ಬಂದೆ. ಕಿಟಕಿಯವನು ಅದನ್ನು ಓದಿ ನನ್ನ ಮುಖ ನೋಡಿ, "ಹಸುವಾ?" ಅಂದ. ಹೌದು ಅಂದೆ. ಇದು ನಿನಗೆ ತಂತಿಯ ಹಿಂದೆ ಬರುತ್ತದೆ. ಓದಿದ ಕೂಡಲೇ ಹೊಲಕ್ಕೆ ಹೋಗು.

ಭಾವ ಬರೆದದ್ದು ಓದಿದೆ. ಚೊಚ್ಚಲು ಅಂತೆ. ನಾನು ಶಾಲೆಗೆ ಹೋಗುವಾಗಲೇ ನಮ್ಮ ಕೆಂಪಿಗೆ ಬೆಳೆದ ಕರುಗಳಿದ್ದವು. ಅವಳು ಈಗ ಕರು ಹಾಕುವುದಿಲ್ಲ. ಹಾಗಾದರೆ ನಿನ್ನ ಹಟ್ಟಿಯಲ್ಲಿ ಇರುವ ಕೆಂಪಿ ಯಾರು? ಅವಳು ಯಾವ ಬಣ್ಣ?

ನಿನ್ನ ಮೊದಲ ಪತ್ರವನ್ನು ಮತ್ತೆ ತೆಗೆದೆ. ಬಾಲ ಊರಿಕೊಂಡು ಸಾಲಾಗಿ ಕೂತಿದ್ದವು ಅಂತ ಬರೆದಿದ್ದೀಯ. ಮೊಟ್ಟೆಯಿಡುವಾಗ ಮಾತ್ರ ಅವು ಹಾಗೆ ಕೂರುವುದು. ಅದು ಕಾಗದದ ಮೇಲೆ ಅಷ್ಟು ಸ್ಪಷ್ಟವಾಗಿ ಇದೆ. ನಾನು ಬಣ್ಣವನ್ನಷ್ಟೇ ಓದಿದ್ದೇನೆ. ನೆಂಟರ ಮಾತಿಗೆ ನಕ್ಕು ಮುಂದೆ ಹೋಗಿದ್ದೇನೆ.

ಸಾಹೇಬರು ಪ್ರವಾಸದಲ್ಲಿದ್ದಾರೆ. ಆಗಲೂ ಇರಲಿಲ್ಲ. ಅವರು ಬರುವವರೆಗೆ ಕಾದರೆ ನಿನ್ನ ತೇವ ಹೋಗುತ್ತದೆ ಎಂದುಕೊಂಡು ನಾನೇ ಬರೆದೆ. ಜೀವಂತ ಮಿಡತೆಯ ಹಿಂಡನ್ನು ನಾನು ಒಂದು ಸಲವೂ ನೋಡಿಲ್ಲ ಅಕ್ಕಾ. ನನ್ನ ಮೇಜಿಗೆ ಬರುವುದು ಸೂಜಿ ಚುಚ್ಚಿ ಒಣಗಿಸಿದ್ದು. ಅದಕ್ಕೆ ಬಣ್ಣವೇ ಇರುವುದಿಲ್ಲ. ಯಾರೋ ಬರೆದಿಟ್ಟ ಮಾತನ್ನು ಓದಿ ನಾನು ಹಚ್ಚುತ್ತೇನೆ.

ಕಾಲುವೆ ಪಕ್ಕದ ಮರಳಿನಲ್ಲಿ ಗೇಣುದ್ದ ಅಗೆದು ನೋಡು. ಸೋಪಿನ ನೊರೆ ಒಣಗಿದ ಹಾಗೆ ಒಂದು ಬಿರಡೆ ಸಿಗುತ್ತದೆ, ಅದರ ಕೆಳಗೆ ಸಣ್ಣ ಅಕ್ಕಿಯಂಥ ಕಾಳು ಒತ್ತೊತ್ತಾಗಿ. ಸಿಕ್ಕರೆ ಪೈರು ಎಷ್ಟು ಹಸಿರಾಗಿದ್ದರೂ ನೋಡಬೇಡ, ಆಳವಾಗಿ ಉತ್ತುಬಿಡು. ಎಲ್ಲರಿಗೂ ಹೇಳು. ಸಿಗದಿದ್ದರೆ ನನ್ನನ್ನು ಬೈದುಕೊಂಡು ಕಾಫಿ ಕುಡಿ.

ತಮ್ಮ


ಜುಲೈ ೧೬

ತಮ್ಮಾ,

ತಂತಿ ಬಂತು. ಅಂಚೆಯಣ್ಣ ಅದನ್ನು ಹಿಡಿದುಕೊಂಡು ಹೊಲಕ್ಕೇ ಓಡಿ ಬಂದ. ತಂತಿ ಅಂದರೆ ಸಾವಿನ ಸುದ್ದಿ ಅಂತ ನಾನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎಲ್ಲರ ಎದುರಿಗೇ ಓದಿಸಿದೆ. ಕೆಂಪಿ ಬಣ್ಣ ಯಾವುದು. ದೊಡ್ಡಪ್ಪ, "ಸರ್ಕಾರದವರು ಈಗ ಹಸುವಿನ ಬಣ್ಣಾನೂ ಬರ್ಕೊಳ್ತಾರಾ?" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ನಿನ್ನ ಭಾವನ ಕಡೆ ನೋಡಿದೆ, ಅವರು ಎತ್ತಿನ ಕಿವಿಯಲ್ಲಿ ಉಣ್ಣೆ ಹುಡುಕುತ್ತಿದ್ದರು. ಪತ್ರದ ಕೆಳಗೆ ಏನು ಬರೆದರು ಅಂತ ಆಗ ಬಾಯಿ ಬಿಡಿಸಿದೆ.

ಅದಕ್ಕೆ ತಂತಿಯಲ್ಲಿ ಬೈಯಬೇಕಿತ್ತಾ? ಒಂದು ಕಾಗದ ಬರೆದಿದ್ದರೆ ನಾನೇ ಹೇಳುತ್ತಿದ್ದೆ.

ಹೌದು, ಅವಳು ಇಲ್ಲ. ನೀನು ಹೋದ ಮೊದಲ ವರ್ಷವೇ ಹೋದಳು. ವಯಸ್ಸಾಗಿತ್ತು, ನೋಯಲಿಲ್ಲ. ಮಧ್ಯಾಹ್ನ ಬೇವಿನ ನೆರಳಲ್ಲಿ ಮಲಗಿದವಳು ಸಂಜೆಗೆ ಏಳಲಿಲ್ಲ. ಅದೇ ವಾರ ನಿನ್ನ ಪತ್ರ ಬಂದಿತ್ತು, ಆ ಊರಿನ ಹಾಲು ಗಂಟಲಲ್ಲಿ ಇಳಿಯುವುದಿಲ್ಲ, ಯಾರೂ ಮಾತಾಡಿಸುವುದಿಲ್ಲ, ಕೆಂಪಿಯನ್ನು ಕೇಳಿದೆ ಅಂತ ಹೇಳು ಅಂತ. ಹೇಗೆ ಬರೆಯಲಿ? ಹೊಸ ಹಸು ತಂದಾಗ ಅದೇ ಹೆಸರು ಇಟ್ಟೆ. ಆಮೇಲೆ ಕೆಂಪಿ ಚೆನ್ನಾಗಿದ್ದಾಳೆ ಅಂತ ಬರೆದರೆ ಸುಳ್ಳಾಗುತ್ತಿರಲಿಲ್ಲ. ನಿನ್ನ ಭಾವ ಅಂದರು, "ನಿಂಬೆಹಣ್ಣಿನ ಬಣ್ಣದ ಹಸುವಿಗೆ ಕೆಂಪಿ ಅಂತಾರೇನೇ?" ಹೆಸರು ಬಣ್ಣಕ್ಕಲ್ಲ, ಕರೆಯೋ ನಾಲಿಗೆಗೆ ಅಂದೆ. ಈಗ ನಮ್ಮ ಬಾಯಿಗೆ ಅದೇ ಕೆಂಪಿ, ಹಳದಿಯೇ ಕೆಂಪು.

ತಂತಿಗೆ ಉತ್ತರ ಕೊಡಲಿಲ್ಲ. ಸತ್ತ ಹಸುವಿನ ವಿಷಯ ತಂತಿಯಲ್ಲಿ ಬರೆಯೋಕೆ ನನಗೆ ಬರುವುದಿಲ್ಲ. ಕೋಪ ಇಳಿದ ಮೇಲೆ ಬರೆ.

ಜೋಳ ಬೆರಳುದ್ದ ಬಂದಿದೆ. ಇಷ್ಟು ಒಳ್ಳೆಯ ಮೊಳಕೆಯನ್ನು ನಾನು ನೋಡಿಯೇ ಇಲ್ಲ.

ಅಕ್ಕ


ಜುಲೈ ೧೯

ತಮ್ಮಾ,

ನಿನ್ನ ಪತ್ರ ಬಂತು. ಅಗೆದೆ. ಇವೆ.

ಒಂದನ್ನು ಅಂಗೈಯಲ್ಲಿ ಒಡೆದರೆ ಒಳಗೆ ಕಣ್ಣು ಕಾಣಿಸುತ್ತದೆ.

ಸಾಹೇಬರು ಹೇಳಿದ್ದಾರೆ ಅಂತ ನಾನು ಊರಿಗೆಲ್ಲ ಹೇಳಿದ್ದೆ. ನಿನ್ನ ಆ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆ. ಅದರಲ್ಲಿ ಸಾಹೇಬರು ಎಲ್ಲೂ ಇಲ್ಲ, ಹೇಳಿಲ್ಲ ಅಂತ ಒಂದು ಕಡೆ ಇದ್ದಾರೆ ಅಷ್ಟೆ. ನಾನೇ ಅವರನ್ನು ಕೂರಿಸಿದ್ದು. ಮೊಟ್ಟೆಯಿಡುವುದು ಹಳದಿ ಅಂತಲೂ ಅದರಲ್ಲೇ ಇದೆ, ಬಿತ್ತು ಅನ್ನುವುದನ್ನು ಓದಿದ ಮೇಲೆ ಉಳಿದದ್ದು ನನ್ನ ತಲೆಗೇ ಹೋಗಿರಲಿಲ್ಲ.

ನಿನ್ನ ಭಾವ ನೇಗಿಲು ತೆಗೆಯುತ್ತಿದ್ದಾರೆ. ಊರಿಗೆ ಹೇಳಬೇಕು. ಬಾಯಿ ಹೇಗೆ ತೆಗೆಯಲಿ ಅಂತ ನೋಡುತ್ತಿದ್ದೇನೆ.


ಜುಲೈ ೨೪

ಅಕ್ಕಾ,

ನಿನ್ನ ಎರಡು ಪತ್ರಗಳೂ ಬಂದವು. ಮೊದಲನೆಯದಕ್ಕೆ ಉತ್ತರ ಬರೆಯೋಕೆ ಕೂತಿದ್ದೆ, ಎರಡನೆಯದು ಬಂತು.

ಬೈಯೋಕೆ ತಂತಿ ಕೊಟ್ಟಿರಲಿಲ್ಲ. ಈಗ ಅದನ್ನು ಹೇಳಿ ಏನು ಪ್ರಯೋಜನ.

ಸಾಹೇಬರು ಬಂದಿದ್ದಾರೆ. ಎಲ್ಲವನ್ನೂ ಹೇಳಿದೆ. ಹಸುವಿನ ವಿಷಯವನ್ನೂ. ಅವರು ನಗಲಿಲ್ಲ, ಬೈಯಲೂ ಇಲ್ಲ. ಕನ್ನಡಕ ತೆಗೆದು ಒರೆಸಿ, "ಬಿತ್ತು ಅಂತ ಬರೆದುಬಿಟ್ರಾ?" ಅಂದರು. ಬೈದಿದ್ದರೆ ವಾಸಿ ಇತ್ತು. ನಿಮ್ಮ ಕಡೆಗೆ ಔಷಧಿ ಹೊಡೆಯುವ ತಂಡ ಕಳಿಸಲು ಬರೆದಿದ್ದಾರೆ. ಗಾಡಿಗಳೆಲ್ಲ ಬೇರೆ ಕಡೆ ಇವೆ, ಅದನ್ನು ನಂಬಿ ಕೂರಬೇಡ. ರಜೆ ಕೇಳಿದೆ. ಇಂಥ ಹೊತ್ತಿನಲ್ಲಿ ಕಚೇರಿ ಬಿಡುವ ಹಾಗಿಲ್ಲ ಅಂದರು.

ಮರಿ ಎದ್ದರೆ ಅವಕ್ಕೆ ರೆಕ್ಕೆ ಇರುವುದಿಲ್ಲ, ನೆಲದ ಮೇಲೇ ಕುಪ್ಪಳಿಸಿ ನಡೆಯುತ್ತವೆ. ಹೋಗುವ ದಿಕ್ಕಿಗೆ ಅಡ್ಡವಾಗಿ ಕಾಲುವೆಯ ಹಾಗೆ ಕಂದಕ ತೋಡಿ, ಹಿಂದಿನಿಂದ ಸೊಪ್ಪು ಹಿಡಿದು ಓಡಿಸಿ, ಬಿದ್ದ ಮೇಲೆ ಮಣ್ಣು ಮುಚ್ಚಿ. ಇದು ಸಾಹೇಬರು ಹೇಳಿದ್ದು. ಈ ಸಲ ನಿಜವಾಗಿಯೂ ಅವರೇ.

ತಪ್ಪು ನನ್ನದು ಅಂತ ಊರಿಗೆ ಹೇಳು. ದೊಡ್ಡಪ್ಪನಿಗೆ ನನ್ನ ಪತ್ರ ಓದಿ ಹೇಳು, ಮುಚ್ಚಿಡಬೇಡ.

ಬೇವಿನ ಮರ ಯಾವುದು, ಬಾವಿಯ ಹಿಂದಿನದಾ?

ತಮ್ಮ


ಜುಲೈ ೩೦

ಅಕ್ಕಾ,

ನಿನ್ನಿಂದ ಪತ್ರವಿಲ್ಲ. ಟಪಾಲು ಬರುವ ಹೊತ್ತಿಗೆ ಕುಂಚ ಕೆಳಗಿಟ್ಟು ಬಾಗಿಲಲ್ಲಿ ನಿಲ್ಲುತ್ತೇನೆ. ಜವಾನ ದೂರದಿಂದಲೇ ಕೈಯಾಡಿಸಿಬಿಡುತ್ತಾನೆ.

ಅಚ್ಚಿಗೆ ಹೋಗಿದ್ದ ಚೀಟಿಗಳನ್ನು ವಾಪಸು ತರಿಸಿದರು. ಬಣ್ಣದ ಕೆಳಗೆ ಇನ್ನೊಂದು ಚಿತ್ರ ಸೇರಿಸು ಅಂದರು, ಬಾಲ ನೆಲಕ್ಕೆ ಊರಿ ಕೂತದ್ದು. ಅದನ್ನು ಹೇಗೆ ಬರೆಯಲಿ ಅಂತ ತೋಚಲಿಲ್ಲ. ನಿನ್ನ ಪತ್ರವನ್ನು ಎದುರಿಗೆ ಇಟ್ಟುಕೊಂಡು, ಊಟಕ್ಕೆ ಕಾಯುವ ನೆಂಟರನ್ನು ನೆನೆಸಿಕೊಂಡು ಬರೆದೆ. ಸಾಹೇಬರು ನೋಡಿ, "ಇದನ್ನ ಎಲ್ಲಿ ನೋಡಿದ್ರಿ?" ಅಂದರು. ನಮ್ಮಕ್ಕ ನೋಡಿದ್ದು ಅಂದೆ.

ಒಂದು ಸಾಲು ಬರೆ. ಬೈಗುಳವಾದರೂ ಸರಿ.

ತಮ್ಮ


ಆಗಸ್ಟ್ ೬

ತಮ್ಮಾ,

ಬರೆಯೋಕೆ ಕೈ ಬಿಡುವಿರಲಿಲ್ಲ. ಈಗಲೂ ಬೆರಳುಗಳು ಗುದ್ದಲಿಯ ಕಾವು ಹಿಡಿದ ಹಾಗೆಯೇ ಮಡಿಚಿಕೊಂಡಿವೆ. ಅಕ್ಷರ ವಕ್ರವಾಗಿದ್ದರೆ ಅದಕ್ಕೆ.

ಮೊದಲು ನಮ್ಮ ಹೊಲವನ್ನೇ ಉತ್ತೆವು. ನಿನ್ನ ಭಾವ ನೇಗಿಲ ಹಿಂದೆ, ನಾನು ಎತ್ತಿನ ಮುಂದೆ. ಅವರು ತಲೆ ಬಗ್ಗಿಸಲಿಲ್ಲ. ಕೆಳಗೆ ನೋಡಿದರೆ ಹಸಿರು ಮಗುಚಿ ಬೀಳುವುದು ಕಾಣುತ್ತದಲ್ಲ. ಸಾಲೆಲ್ಲ ಹಾವಿನ ಹಾಗೆ ಹೋಯಿತು. ಬದುವಿನ ಮೇಲೆ ಊರು ಸೇರಿತ್ತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ: ಸಾಹೇಬರು ಹೇಳಿರಲಿಲ್ಲ, ತಮ್ಮ ಹೇಳಿದ್ದು, ತಮ್ಮ ಹೇಳಿದ್ದು ನಾನು ಬರೆದದ್ದನ್ನು ಓದಿ, ನಾನು ಬರೆದದ್ದು ಈ ಹಸುವಿನ ಬಣ್ಣ, ಅವನು ಓದಿದ್ದು ಆ ಹಸುವಿನ ಬಣ್ಣ.

ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲವೇ, ಹಸುವಿನ ಬಣ್ಣ ನೋಡಿ ಬಿತ್ತು ಅಂದೆ. ಈಗ ಹಸುವಿನ ಬಣ್ಣ ನೋಡಿ ಕೀಳು ಅಂತೀಯ. ನಾಳೆ ಕರು ನೋಡ್ಕೊಂಡು ಏನ್ ಹೇಳ್ತೀಯೋ" ಅಂದರು. ಯಾರೂ ಅಲ್ಲಾಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ತಮ್ಮ ತಮ್ಮ ಹಸಿರು ಹೊಲಗಳ ಕಡೆ ನೋಡುತ್ತಾ ನಿಂತರು, ಅದನ್ನು ತಡೆಯೋಕೆ ಆಗಲಿಲ್ಲ.

ಅಷ್ಟರಲ್ಲಿ ಬೆಳ್ಳಕ್ಕಿ ಬಂದವು. ಎಲ್ಲಿದ್ದವೋ, ಒಂದರ ಹಿಂದೆ ಒಂದು ಇಳಿದು ನಮ್ಮ ನೇಗಿಲ ಸಾಲಿನಲ್ಲಿ ಕುಕ್ಕತೊಡಗಿದವು. ಗೊರವಂಕ ಬಂದವು, ಕಾಗೆ ಬಂದವು. ನಾನು ಉಸ್ ಅಂದರೂ ಹೋಗಲಿಲ್ಲ. ಕಾಲುವೆ ಆಚೆಯವನು ಇಳಿದು ಬಂದು, ಹಕ್ಕಿ ಕುಕ್ಕುತ್ತಿದ್ದ ಕಡೆ ಬೆರಳು ಹಾಕಿ ಒಂದು ನೊರೆಯ ಬಿರಡೆ ಎತ್ತಿದ. ಅದನ್ನು ಕೈಯಿಂದ ಕೈಗೆ ದಾಟಿಸಿದರು. ಎಲ್ಲರೂ ಎತ್ತು ತರೋಕೆ ಹೋದರು.

ದೊಡ್ಡಪ್ಪ ಎಲ್ಲವನ್ನೂ ಉತ್ತರು, ಕಾಲುವೆ ಪಕ್ಕದ ಒಂದು ಪಟ್ಟಿಯನ್ನು ಬಿಟ್ಟು. ಅಲ್ಲಿ ಪೈರು ಅಷ್ಟು ಚೆನ್ನಾಗಿತ್ತು. ಮರಿ ಎದ್ದದ್ದು ಅಲ್ಲಿಂದಲೇ. ಮೊದಲು ಇರುವೆ ಅಂದುಕೊಂಡೆವು. ಕಪ್ಪಗೆ, ಇಷ್ಟಿಷ್ಟೇ. ಹತ್ತಿರ ಹೋದರೆ ನೆಲ ಕುದಿಯುವ ಎಸರಿನ ಹಾಗೆ ಚಿಮ್ಮುತ್ತಿತ್ತು. ನಿನ್ನ ಪತ್ರ ಆಗ ಬಂದಿತ್ತು. ಕಂದಕ ತೋಡಿದೆವು, ಇದ್ದವರೆಲ್ಲ, ಅಂಚೆಯಣ್ಣ ಕೂಡ ಚೀಲವನ್ನು ಮರಕ್ಕೆ ತಗುಲಿ ಹಾಕಿ. ಅದಕ್ಕೇ ಆ ವಾರ ನಮ್ಮ ಊರಿನಿಂದ ಯಾರ ಪತ್ರವೂ ಹೋಗಿಲ್ಲ. ದೊಡ್ಡಪ್ಪ ಕಂದಕದೊಳಗೇ ಇಳಿದು ಹೆಗಲ ಟವೆಲಿನಿಂದ ಬಡಿಯುತ್ತಿದ್ದರು. "ಮೇಲೆ ಬನ್ನಿ ದೊಡ್ಡಪ್ಪ, ಮಣ್ಣು ಮುಚ್ಚಬೇಕು" ಅಂದರೆ, "ನನ್ನನ್ನೂ ಸೇರಿಸಿ ಮುಚ್ಚಿ, ಆ ಪಟ್ಟಿ ಬಿಟ್ಟವನು ನಾನೇ" ಅಂದರು. ಇಬ್ಬರು ಹಿಡಿದು ಎತ್ತಬೇಕಾಯಿತು.

ಎಲ್ಲ ಮುಗಿಯಿತು ಅಂತ ಹೇಳಲಾರೆ. ಬೆಳಗ್ಗೆ ಎದ್ದು ಎಲ್ಲರೂ ನೆಲ ನೋಡುತ್ತೇವೆ, ಆಮೇಲೆ ಆಕಾಶ ನೋಡುತ್ತೇವೆ, ಆಮೇಲೆ ಮುಖ ತೊಳೆಯುತ್ತೇವೆ. ಒಣಗಿದ ಎಲೆ ಸದ್ದು ಮಾಡಿದರೆ ಊರೇ ತಿರುಗುತ್ತದೆ. ಜೋಳ ಈ ವರ್ಷಕ್ಕೆ ಇಲ್ಲ. ನಡುವೆ ಒಂದು ಸಣ್ಣ ಮಳೆ ಬಿತ್ತು, ಹುರುಳಿಗೆ ಸಾಕಾಗುವಷ್ಟು. ಬೀಜ ದೊಡ್ಡಪ್ಪನ ಮನೆಯಲ್ಲಿತ್ತು. ಕೇಳೋಕೆ ನನಗೆ ಮುಖವಿರಲಿಲ್ಲ. ಅವರೇ ಚೀಲ ತಂದು ಜಗಲಿಯ ಮೇಲೆ ಇಟ್ಟು, "ನಿನ್ನ ತಮ್ಮನ್ನ ಕೇಳೋಕೆ ಹೋಗಬೇಡ, ಸುಮ್ಮನೆ ಬಿತ್ತು" ಅಂದರು. ಬಿತ್ತಿದ್ದೇನೆ.

ನಿನ್ನ ಪತ್ರ ಓದಿ ಹೇಳಿದೆ, ಮುಚ್ಚಿಡಲಿಲ್ಲ. ಚೀಟಿ ಬಂದರೆ ಒಂದು ಕಳಿಸು. ನೆಂಟರ ಹಾಗೆ ಕೂತಿವೆಯೋ ಇಲ್ಲವೋ ನೋಡಿ ಹೇಳುತ್ತೇನೆ.

ಹೌದು, ಬಾವಿಯ ಹಿಂದಿನ ಬೇವು. ನೀನು ಕಲ್ಲಿನಿಂದ ಕೆರೆದು ಅವಳ ಚಿತ್ರ ಬರೆದಿದ್ದೆಯಲ್ಲ, ಆ ಗೋಡೆಯ ಪಕ್ಕದ್ದು. ಕೊಂಬು ಇನ್ನೂ ಅಳಿಸಿಲ್ಲ.

ಕರುವಿಗೆ ಹೆಸರಿಟ್ಟಿಲ್ಲ. ನಿನ್ನ ಭಾವ ಕೆಂಪಿ ಅಂತಲೇ ಕರೆಯೋಕೆ ಶುರು ಮಾಡಿದ್ದರು, ನಿಲ್ಲಿಸಿದೆ. ಅದರ ಬಣ್ಣ ಯಾವುದು ಅಂತ ಪತ್ರದಲ್ಲೂ ಕೇಳಬೇಡ, ತಂತಿಯಲ್ಲೂ ಕೇಳಬೇಡ. ನಾನು ಬರೆಯುವುದಿಲ್ಲ. ನಿಮ್ಮ ಸಾಹೇಬರು ರಜೆ ಕೊಟ್ಟ ದಿನ ಬಂದು ನೋಡು, ನೋಡಿ ಹೆಸರಿಡು.

ನಿನ್ನ ಅಕ್ಕ